ಮಳೆಗೆ ಸಾಕೆನ್ನದ ಮನೆ

ನಮ್ಮ ಮನೆಯಲ್ಲಿ ಮಳೆಗೆ ಸಾಕು ಅನ್ನುವ ಹಾಗಿರಲಿಲ್ಲ. ಊಟಕ್ಕೆ ಅನ್ನಬಹುದಿತ್ತು, ಆಟಕ್ಕೆ, ಅಳುವಿಗೆ, ಜಗಳಕ್ಕೆ ಅನ್ನಬಹುದಿತ್ತು. ಮಳೆಗೆ ಮಾತ್ರ ಆ ಮಾತು ಆಡಬಾರದು. ಕೊಪ್ಪಳದ ಕಡೆಯ ಇರಕಲ್ಲಗಡದ ಕೊನೆಯ ಓಣಿಯಲ್ಲಿ, ಹಳ್ಳಕ್ಕೆ ಬೆನ್ನು ಹಾಕಿ ಕೂತ ಮಣ್ಣಿನ ಮಾಳಿಗೆ ಮನೆ ಅದು. ಬಾಗಿಲು ದಾಟಿದರೆ ಎತ್ತು ಕಟ್ಟುವ ಜಾಗ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಹೊಗೆಗೆ ಕಪ್ಪಾದ ಅಡಿಗೆಮನೆ. ಮಳೆ ಹಿಡಿದರೆ ಮಾಳಿಗೆ ಸೋರುತ್ತಿತ್ತು. ಎಲ್ಲೆಲ್ಲಿ ಸೋರುತ್ತದೆಂದು ನಮಗೆಲ್ಲ ಗೊತ್ತಿದ್ದುದರಿಂದ ಮೊದಲ ಹನಿ ಬೀಳುವುದಕ್ಕೆ ಮುಂಚೆಯೇ ಅವ್ವ ಅಲ್ಲಲ್ಲಿ ಪಾತ್ರೆ ಇಟ್ಟು, ನಮ್ಮ ಹಾಸಿಗೆಗಳನ್ನು ಕಾಳಿನ ಚೀಲಗಳ ಪಕ್ಕಕ್ಕೆ ಎಳೆಯುತ್ತಿದ್ದಳು. ಗೊಣಗುತ್ತಿರಲಿಲ್ಲ. ಒಂದು ಸಲ ನನ್ನ ಸಾಲೆಯ ಪುಸ್ತಕಗಳೆಲ್ಲ ನೆನೆದು ಮುದ್ದೆಯಾದಾಗ ನಾನು ತಡೆಯಲಾರದೆ, ಸಾಕಪ್ಪಾ ಈ ಮಳಿ, ಅಂದುಬಿಟ್ಟೆ. ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದವಳು, ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ಅವಳ ಕೈ ನಿಂತಿತು.

“ಏನಂದಿ?”

“ಪುಸ್ತಕ ತೊಯ್ದಾವ ಆಯಿ.”

“ಪುಸ್ತಕ ಒಣಗ್ತಾವು. ಅದು ಸಿಟ್ಟಾಗಿ ಹೋತಂದ್ರ ನಿಮ್ಮಪ್ಪ ಕರಕೊಂಡ ಬರ್ತಾನೇನ? ಏಳು. ತಪ್ಪಾತು ಅನ್ನು.”

ಒಂದು ತಂಬಿಗೆ ನೀರು ಕೊಟ್ಟು ನನ್ನನ್ನು ಹೊಸ್ತಿಲ ಮೇಲೆ ನಿಲ್ಲಿಸಿದಳು. ಸುರಿಯುವ ಮಳೆಯೊಳಕ್ಕೆ ನಾನು ನೀರು ಸುರಿದು, ತಪ್ಪಾತು, ಇಲ್ಲೆ ಬಾರಪ್ಪಾ, ಅಂದೆ. ಅಪ್ಪನ ತಮ್ಮ ಈರಣ್ಣ ಕಾಕಾ ಎತ್ತಿನ ಕೊರಳು ತುರಿಸುತ್ತ ನಗುತ್ತಿದ್ದ.

“ಜೋರಾಗಿ ಅನ್ನಲೇ ಸಂಗೀ, ಮ್ಯಾಲಿನಾವಂಗ ಕಿವಿ ಮಂದ ಅದಾವು.”

ಹಿತ್ತಲ ಬಾಗಿಲು ತೆಗೆದರೆ ಹಳ್ಳ. ವರ್ಷದ ಬಹುಪಾಲು ಅದರಲ್ಲಿ ನೀರಿರುತ್ತಿರಲಿಲ್ಲ, ಉಸುಕಿರುತ್ತಿತ್ತು. ಉಸುಕಿನಲ್ಲಿ ಗುಂಡಿ ತೋಡಿ ಕುಡಿಯುವ ನೀರು ತುಂಬುತ್ತಿದ್ದೆವು, ಬಟ್ಟೆ ಒಣಹಾಕುತ್ತಿದ್ದೆವು, ಬೇಸಿಗೆಯಲ್ಲಿ ಅಲ್ಲೇ ಕೂತು ಉಣ್ಣುತ್ತಿದ್ದೆವು. ಅಪ್ಪ ಮದುವೆಗಳಿಗೆ ಅಡಿಗೆ ಮಾಡುವವನು. ದೊಡ್ಡ ಅಡಿಗೆಗೆ ಹಳ್ಳದ ಉಸುಕಿನಷ್ಟು ಒಳ್ಳೆಯ ಜಾಗವಿಲ್ಲ ಎಂಬುದು ಅವನ ನಂಬಿಕೆ. ದಂಡೆ ಗಾಳಿಯನ್ನು ತಡೆಯುತ್ತದೆ, ಬೆಂಕಿ ಹಬ್ಬುವುದಿಲ್ಲ, ಕೊಪ್ಪರಿಗೆ ಅಲುಗದೆ ಕೂರುತ್ತದೆ, ಆಮೇಲೆ ಪಾತ್ರೆ ತಿಕ್ಕಲು ಅದೇ ಉಸುಕು. ನಮ್ಮ ಕೊಪ್ಪರಿಗೆ ತಾಮ್ರದ್ದು, ಕಂಠದ ಮೇಲೆ ಅಜ್ಜನ ಹೆಸರು ಕೆತ್ತಿದ್ದು, ಒಳಗೆ ನಾನು ಕೂತರೆ ತಲೆ ಕಾಣದಷ್ಟು ದೊಡ್ಡದು. ಇನ್ನು ಹಳ್ಳ ಬರುವ ರೀತಿ. ಮೇಲೆ ಯಲಬುರ್ಗಾ ಕಡೆ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ನೀರು ಬರುತ್ತಿತ್ತು. ಮೊದಲು ಒಂದು ತಣ್ಣನೆಯ ಗಾಳಿ, ಹಸಿಮಣ್ಣಿನ ವಾಸನೆ. ಆಮೇಲೆ ಕಸಕಡ್ಡಿ ನೊರೆ ಹೊತ್ತ ತೆಳ್ಳನೆಯ ನೀರು, ಬೆರಳು ನೆನೆಯುವಷ್ಟು. ಅದರ ಹಿಂದೆ ಕೆಂಪು ಪ್ರವಾಹ. ಹಳ್ಳ ನಡಕೋತ ಬಂತು ಎಂದು ಊರವರು ಹೇಳುತ್ತಿದ್ದರು. ಅದು ನಿಜ. ನಾವು ಮಕ್ಕಳು ಅದರ ಮುಂದೆ ಹಿಮ್ಮುಖವಾಗಿ ನಡೆಯುತ್ತ ಬರುತ್ತಿದ್ದೆವು. ಅಪ್ಪನಿಗೆ ಒಲೆ ಆರಿಸಿ, ಕೊಪ್ಪರಿಗೆ ಎತ್ತಿಸಿ, ಬೀಡಿ ಹಚ್ಚಿಕೊಂಡು ದಂಡೆ ಏರುವಷ್ಟು ಹೊತ್ತು ಇರುತ್ತಿತ್ತು. ಹಾಗೆಯೇ ಏರಿದ ಹಳ್ಳ ಇಳಿಯಿತೆಂದರೆ ಮುಗಿಯಿತು. ಇಳಿದ ಮೇಲೆ ಭಯವಿಲ್ಲ ಎಂಬುದು ನಾವು ಮಾತು ಕಲಿಯುವಾಗಲೇ ಕಲಿತದ್ದು.

ಬಸವ ಜಯಂತಿಯ ಹೊತ್ತಿಗೆ ಬದರಿ ಕೇದಾರದ ಬಾಗಿಲು ತೆರೆಯುತ್ತಿತ್ತು. ಗಂಗಾವತಿಯ ಸಾವಕಾರರೊಬ್ಬರು ಯಾತ್ರೆಯ ಬಸ್ಸು ಹೊರಡಿಸುತ್ತಿದ್ದರು. ಅದರ ಅಡಿಗೆ ಅಪ್ಪನದು, ಕಾಕಾ ಅವನ ಕೈಕೆಳಗೆ. ನಮ್ಮ ಕಡೆಯ ಜನ ಮೂರು ಹೊತ್ತು ಪರ ನಾಡಿನ ಊಟ ಉಣ್ಣಲಾರರು. ಹೊರಡುವ ಮುಂಚಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ರೊಟ್ಟಿ ಬಡಿಯುವ ಸದ್ದು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಸುಟ್ಟು, ಒಣಗಿಸಿ, ಖಡಕ್ ಮಾಡಿ, ಬಿಳಿ ಅರಿವೆ ಹಾಸಿದ ಬುಟ್ಟಿಗಳಲ್ಲಿ ಪೇರಿಸಿಡುವುದು. ಜೊತೆಗೆ ಹಚ್ಚಿಕೊಂಡು ತಿನ್ನಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಓಣಿಯ ಹೆಂಗಸರೆಲ್ಲ ಬಂದು ಕೈ ಹಚ್ಚುತ್ತಿದ್ದರು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವಷ್ಟರಲ್ಲಿ ಅಪ್ಪ ಕಾಕಾ ಮರಳಿರುತ್ತಿದ್ದರು, ಮುಖದ ಚರ್ಮ ಸುಲಿದುಕೊಂಡು, ಗಂಗೆಯ ನೀರಿನ ಗಿಂಡಿಗಳೊಂದಿಗೆ. ರಾತ್ರಿ ಊಟವಾದ ಮೇಲೆ ಅಪ್ಪ ಗುಡ್ಡಗಳ ಸುದ್ದಿ ಹೇಳುತ್ತಿದ್ದ. ಕೇಳಿದರೆ ಮಾತ್ರ ಹೇಳುತ್ತಿದ್ದ, ಕಂಡಷ್ಟೇ ಹೇಳುತ್ತಿದ್ದ. ವರ್ಷದಿಂದ ವರ್ಷಕ್ಕೆ ಅದರಲ್ಲಿ ಒಂದು ಸುದ್ದಿ ಹೆಚ್ಚಾಗುತ್ತಿತ್ತು.

“ಹೋದ ಸಲ ಚಾ ಕುಡದ ಅಂಗಡಿ ಈ ಸಲ ಇಲ್ಲವ್ವ.”

“ಅಂಗಡಿ ಮುಚ್ಚ್ಯಾರೇನು?” ಎಂದಳು ಆಯಿ.

“ಅಂಗಡಿ ನಿಂತಿದ್ದ ನೆಲಾನ ಇಲ್ಲ. ಗುಡ್ಡ ಜಾರೇತಿ. ರಸ್ತೆ ಅಗಲ ಮಾಡಾಕಂತ ಬುಡಾ ಕಡದಾರ, ಮ್ಯಾಲ ಗಿಡಾ ಕಡದಾರ. ಮಣ್ಣ ಯಾತಕ್ಕ ಹಿಡಕೊಂಡ ನಿಂದರಬೇಕ?”

“ಗುಡ್ಡ ಎಲ್ಲೆರ ಜಾರ್ತೈತೇನೋ? ಅದೇನ ನನ್ನಂಗ ಮುದಿಕೀನ?”

ಎಲ್ಲರೂ ನಕ್ಕೆವು. ನಮಗೆ ಗುಡ್ಡವೆಂದರೆ ಕಲ್ಲು. ನಮ್ಮ ಕಡೆಯ ಹೇಮಗುಡ್ಡದ ಬಂಡೆಗಳು ಆಯಿಯ ಅಜ್ಜ ಕಂಡಲ್ಲೇ ಇದ್ದವು. ಮಣ್ಣಿನ ಗುಡ್ಡ, ಅದರ ನೆತ್ತಿಯಲ್ಲಿ ಮಂಜು, ಮಂಜಿನ ನಡುವೆ ನಿಂತ ಕೆರೆ, ಇವೆಲ್ಲ ಒಂದರ ಮೇಲೊಂದು ಹೇಗೆ ಕೂತಿವೆ ಎಂದು ನನಗೆ ಎಷ್ಟು ಯೋಚಿಸಿದರೂ ತಿಳಿಯುತ್ತಿರಲಿಲ್ಲ.

ಆ ವರ್ಷ ಕಾರಹುಣ್ಣಿಮೆ ಮುಗಿದ ಮೇಲೆ ಸಾವಕಾರರು ಎರಡನೇ ಸುತ್ತಿನ ಬಸ್ಸು ಹಚ್ಚಿದರು. ಮಳೆಗಾಲದಲ್ಲಿ ಅಲ್ಲಿ ನೂಕುನುಗ್ಗಲು ಇರುವುದಿಲ್ಲ, ವಸತಿ ಸಲೀಸಾಗಿ ಸಿಗುತ್ತದೆ ಎಂದು ಜನ ಒಪ್ಪಿದ್ದರು. ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಉಣ್ಣುತ್ತಿದ್ದ. ಅವ್ವನ ಸಿಟ್ಟು ಯಾವಾಗಲೂ ಮೊದಲು ರೊಟ್ಟಿಯ ಸದ್ದಿನಲ್ಲಿ ಕೇಳುತ್ತಿತ್ತು.

“ಮಳಿಗಾಲದಾಗ ಹೋಗೂದು ಎಂಥಾದ್ರಿ?”

“ನಾ ಒಲ್ಲೆ ಅಂದ್ರ ಬ್ಯಾರೇದಾವ ತಯಾರ ಅದಾನ.”

“ಅವನ ಹೋಗ್ಲಿ.”

“ಅವಂಗ ಮಳಿ ಗೊತ್ತಿಲ್ಲ.”

“ನಿಮಗ ಗೊತ್ತೈತಿ?” ಅವ್ವ ಹಿಟ್ಟಿನ ಕೈ ಎತ್ತಿ ಕೇಳಿದಳು. “ಇರಕಲ್ಲಗಡದಾಗ ಹುಟ್ಟಿ ನಿಮಗ ಮಳಿ ಗೊತ್ತೈತೇನ್ರಿ?”

ಕಾಕಾ ಪಕ್ಕದಲ್ಲಿ ನಗಲು ಹೋಗಿ ಕೆಮ್ಮಿದ. ಅಪ್ಪ ಉಣ್ಣುವುದನ್ನು ಮುಗಿಸಿ ಕೈತೊಳೆದುಕೊಂಡು ಎದ್ದ. ಹೊರಡುವ ದಿನ ಕೊಪ್ಪರಿಗೆಯನ್ನು ಬಸ್ಸಿನ ಮೇಲೆ ಕಟ್ಟುವಾಗ ಕಾಕಾ ಅದರೊಳಗೆ ಮುಖವಿಟ್ಟು ನನ್ನ ಹೆಸರು ಕೂಗಿದ. ಓಣಿಯ ತುಂಬ ಸಂಗೀ ಎಂಬ ದಪ್ಪ ದನಿ ತುಂಬಿತು. ಆಯಿ ಅವನಿಗೆ ಹೇಳಿದ್ದು ಒಂದೇ ಮಾತು.

“ಕೊಪ್ಪರಗಿ ಜ್ವಾಕಿ. ನಿಮ್ಮಪ್ಪಂದು ಉಳಿದಿದ್ದು ಅದೊಂದ ಐತಿ.”

ಆ ಮಾತನ್ನು ಆಯಿ ಆಮೇಲೆ ಬದುಕಿರುವವರೆಗೂ ಮರೆಯಲಿಲ್ಲ. ನಾವೂ ಮರೆತಿಲ್ಲ.

ಇಲ್ಲಿ ಮಳೆ ಹೋಗಿಬಿಟ್ಟಿತ್ತು. ಬಿತ್ತಿದ್ದು ಗೇಣುದ್ದ ಬಂದು ಸುರುಳಿ ಸುತ್ತಿಕೊಳ್ಳತೊಡಗಿತ್ತು. ಊರಿನಲ್ಲಿ ಫೋನು ಇದ್ದದ್ದು ಹುಸೇನಸಾಬ ಕಾಕಾನ ಕಿರಾಣಿ ಅಂಗಡಿಯಲ್ಲಿ. ಒಂದು ಸಂಜೆ ಅವನು ಅಂಗಡಿ ಬಿಟ್ಟು ತಾನೇ ನಡೆದು ಬಂದ.

“ಆಯಿ, ನಿಮ್ಮ ಸಣ್ಣ ಮಗಂದು ಫೋನ್ ಬಂದಿತ್ತು. ಅರಾಮ ಅದಾರಂತ. ಅಲ್ಲೆ ಭಾಳ ಮಳಿ ಅಂತ, ಹಗಲೂ ರಾತ್ರಿ ಬಿಟ್ಟಿಲ್ಲಂತ.”

ಆಯಿಯ ಮುಖ ಅರಳಿತು.

“ಛಲೋ ಆತ ಬಿಡಪಾ. ಪುಣ್ಯಾ ಮಾಡಿದ ನಾಡು.”

ಹುಸೇನಸಾಬ ಕಾಕಾ ಅವ್ವನ ಕಡೆ ನೋಡಿದ. ಅವ್ವ ಅಕ್ಕಿಯ ಮೊರ ಹಿಡಿದು ಹಾಗೇ ನಿಂತಿದ್ದಳು. ಆಮೇಲೆ ಫೋನು ಬರಲಿಲ್ಲ. ಅವನ ಅಂಗಡಿಯಲ್ಲಿ ರೇಡಿಯೋ ಇತ್ತು, ಉರ್ದು ಸುದ್ದಿ ಅವನಿಗೆ ತಿಳಿಯುತ್ತಿತ್ತು. ನಾನು ದಿನವೂ ಸಾಲೆಯಿಂದ ಬರುವಾಗ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ಅವನು ಕೈಗೆ ಪುಟಾಣಿ ಹಾಕಿ, ರಸ್ತೆ ಬಂದ್ ಆಗ್ಯಾವಂತ ನೋಡವ್ವ, ಅದಕ್ಕ ಫೋನ್ ಇಲ್ಲ, ಅನ್ನುತ್ತಿದ್ದ. ಗುಡ್ಡ ಕುಸಿದು ಊರುಗಳು ಹೋಗಿವೆ ಎಂಬುದು ರೇಡಿಯೋದಲ್ಲಿ ಬಂದಿತ್ತೆಂದು ಅವನು ನನಗೆ ಹೇಳಿದ್ದು ನಾನು ದೊಡ್ಡವಳಾದ ಮೇಲೆ.

ಆ ದಿನಗಳಲ್ಲೇ ನಮ್ಮ ಬಾಗಿಲಿಗೆ ಗುರ್ಜಿ ಬಂತು. ಮಳೆ ಹೋದಾಗ ನಮ್ಮ ಕಡೆ ಮಾಡುವುದು ಇದು. ರೊಟ್ಟಿ ಸುಡುವ ಹಂಚಿನ ಮೇಲೆ ಗುರ್ಜಿ ಎಂಬ ಸಗಣಿಯ ಗೊಂಬೆ ಕೂರಿಸಿ, ಗರಿಕೆ ಸಿಕ್ಕಿಸಿ, ಒಬ್ಬರು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಮನೆಯ ಹೆಂಗಸು ಅದರ ಮೇಲೆ ತಂಬಿಗೆ ನೀರು ಸುರಿಯಬೇಕು. ಹೊತ್ತವರು ಗಿರಗಿರ ತಿರುಗುತ್ತಾರೆ, ನೀರು ಸಿಡಿಯುತ್ತದೆ. ನೀರು ಸುರಿದರೆ ಮಳೆಯನ್ನು ಕರೆದಂತೆ. ನೀರು ಹಾಕದೆ ಗುರ್ಜಿಯನ್ನು ಯಾರೂ ಬಾಗಿಲಿನಿಂದ ಕಳಿಸುವುದಿಲ್ಲ. ಆ ಸಲ ಹೊತ್ತವಳು ಪಕ್ಕದ ಮನೆಯ ನಾಗವ್ವ.

“ನೀರ ತಾರವ್ವಾ! ಗುರ್ಜಿ ಬಂದಾಳ!”

ಅವ್ವ ತುಂಬಿದ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. ಹೊಸ್ತಿಲ ಮೇಲೆ ನಿಂತುಬಿಟ್ಟಳು.

“ನನ್ನ ಕೈ ಏಳವಲ್ದು ಯಕ್ಕಾ.”

“ಯಾಕ, ಕೈಗೇನ ಆಗೇತಿ?”

“ಮಳಿ ಕರಿಯಾಕ ಏಳವಲ್ದು. ನನ್ನ ಮನಿಯಾವ್ರು ಮಳ್ಯಾಗ ಸಿಕ್ಕಾರ.”

“ಅದು ಬ್ಯಾರೆ ಮಳಿ, ಇದು ಬ್ಯಾರೆ ಮಳಿ.”

“ಆಕಾಶ ಒಂದ ಐತೆಲ್ಲ?”

ನಾಗವ್ವನ ಹಿಂದಿದ್ದ ಹೆಂಗಸರು ಗುಜುಗುಜು ಮಾತಾಡತೊಡಗಿದರು. ನಾಗವ್ವ ಕೆಟ್ಟವಳಲ್ಲ, ನಮ್ಮ ರೊಟ್ಟಿ ಬಡಿಯಲು ಎಲ್ಲರಿಗಿಂತ ಮೊದಲು ಬರುವವಳು ಅವಳೇ. ಆದರೆ ಅವಳ ಹೊಲ ಮಡ್ಡಿಯದು, ಎಲ್ಲಕ್ಕಿಂತ ಮೊದಲು ಒಣಗುವುದು.

“ನಿನ್ನ ಗಂಡನ ಸಂಬಂಧ ಊರೆಲ್ಲಾ ಒಣಗಬೇಕೇನ ತಂಗಿ? ನನ್ನ ಮಕ್ಕಳು ಏನ ತಿನ್ನಬೇಕು?”

ಅವ್ವ ತಂಬಿಗೆಯನ್ನು ಎದೆಗೆ ಒತ್ತಿಕೊಂಡಳು, ನೀರು ಅವಳ ಪಾದದ ಮೇಲೆ ಚೆಲ್ಲಿತು. ಆಗ ಒಳಗಿಂದ ಆಯಿ ಬಂದಳು. ಅವ್ವನನ್ನು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅವ್ವನ ಕೈಯಿಂದ ತಂಬಿಗೆ ತೆಗೆದುಕೊಂಡಳು, ಗುರ್ಜಿಯ ಮೇಲೆ ಅರ್ಧ ನೀರು ಸುರಿದಳು.

“ಇಲ್ಲೆ ಬಾರಪ್ಪಾ.”

ಆಮೇಲೆ ಮೆಟ್ಟಿಲಿಳಿದು, ಬಸ್ಸು ಹೋದ ದಾರಿಯ ಕಡೆ ತಿರುಗಿ, ಉಳಿದರ್ಧ ನೀರನ್ನು ತಂಬಿಗೆಯಲ್ಲೇ ಇಟ್ಟುಕೊಂಡು, ಅದರ ಬಾಯಿಗೆ ಅಂಗೈ ಅಡ್ಡ ಹಿಡಿದು ಮುಚ್ಚಿ ತೋರಿಸಿದಳು.

“ಅಲ್ಲೆ ಸಾಕು.”

ಆ ಮಾತನ್ನು ಆಯಿಯ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಾಗವ್ವ ಗಿರಗಿರ ತಿರುಗಲಿಲ್ಲ. ತಲೆಯ ಮೇಲಿಂದ ನೀರು ಇಳಿಯುತ್ತಿರುವಂತೆಯೇ ಮೆಲ್ಲಗೆ ಮುಂದಿನ ಮನೆಗೆ ನಡೆದಳು.

ಆ ವಾರ ಕಳೆಯುವ ಮುಂಚೆ ನಮ್ಮಲ್ಲಿ ಮಳೆ ಹಿಡಿಯಿತು. ಹದವಾದ ಮಳೆ. ಮಾಳಿಗೆ ತನ್ನ ಜಾಗಗಳಲ್ಲೆಲ್ಲ ಸೋರಿತು, ಹಳ್ಳ ನಡಕೋತ ಬಂತು, ಓಣಿಯ ಹುಡುಗರು ಕುಣಿದರು. ಹುಸೇನಸಾಬ ಕಾಕಾ ಕೊಡೆಯಿಲ್ಲದೆ ನೆನೆಯುತ್ತ ಬಂದು ನಮ್ಮ ಎತ್ತಿನ ಪಕ್ಕ ನಿಂತ. ಒಳಗೆ ಬಾ ಅಂದರೂ ಮೆಟ್ಟಿಲು ಹತ್ತಲಿಲ್ಲ.

“ಹೊಂಟಾರಂತ ಆಯಿ. ಬಸ್ಸಿನ ಮಂದಿ ಎಲ್ಲಾ ಉಳದಾರಂತ. ನಿಮ್ಮ ದೊಡ್ಡ ಮಗ ಫೋನ್ ಮಾಡಿದ್ದ.”

“ಈರ್ಯಾ ಮಾತಾಡಲಿಲ್ಲೇನು?”

“ಇಲ್ಲಾಯಿ.”

ಈರಣ್ಣ ಕಾಕಾ ಇದ್ದಲ್ಲಿ ಬೇರೆ ಯಾರೂ ಫೋನು ಹಿಡಿಯುತ್ತಿರಲಿಲ್ಲ. ಆಯಿ ಗೋಡೆಗೆ ಬೆನ್ನು ಕೊಟ್ಟು ಕೆಳಗೆ ಕೂತಳು. ಮಳೆ ಸುರಿಯುತ್ತಲೇ ಇತ್ತು, ಪಾತ್ರೆಗಳು ತುಂಬಿ ಹರಿದವು, ಅವ್ವ ಅವನ್ನು ಎತ್ತಲಿಲ್ಲ.

ಅಪ್ಪ ಬಂದ ಮೇಲೆ ಒಂದೇ ಸಲ ಹೇಳಿದ, ಪಡಸಾಲೆಯಲ್ಲಿ ಕೂತು, ಆಯಿಗೆ. ನಾನು ಕಾಳಿನ ಚೀಲಗಳ ಹತ್ತಿರ ಇದ್ದೆ. ಕೇಳಿದಷ್ಟನ್ನೇ ಬರೆಯುತ್ತಿದ್ದೇನೆ. ಕೇದಾರ ಮುಗಿಸಿ ಇಳಿಯುವಾಗ ಮುಂದೆ ರಸ್ತೆ ಕೊಚ್ಚಿಹೋಗಿ, ಬಸ್ಸು ಹೊಳೆಯ ಮೇಲಿನ ತಿರುವಿನಲ್ಲಿ ನಿಂತಿತು. ಒಂದು ಸಣ್ಣ ಊರು, ಹೆಸರು ಅವನಿಗೆ ನೆನಪಿರಲಿಲ್ಲ. ರಾತ್ರಿಯಿಡೀ ಮಳೆ, ಕೆಳಗೆ ಹೊಳೆಯ ಮೊರೆತ, ಯಾರೂ ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆ ಮಳೆ ನಿಂತು ಬಿಸಿಲು ಬಿತ್ತು. ಹೊಳೆ ಇಳಿದಿತ್ತು. ರಾತ್ರಿ ಮೊರೆಯುತ್ತಿದ್ದ ಹೊಳೆ ನಡುವೆ ಸಣ್ಣಗೆ ಹರಿಯುತ್ತಿತ್ತು. ದಂಡೆಯಲ್ಲಿ ಬಿಳಿ ಉಸುಕು ಬಯಲಾಗಿತ್ತು. ಬಸ್ಸಿನ ಜನ ಹಸಿದಿದ್ದರು.

“ಇಳದೈತಿ, ಇನ್ನ ಭಯ ಇಲ್ಲ ಅಂದೆ. ನಾನ ಅಂದೆ. ಉಸುಕು ನಮ್ಮ ಹಳ್ಳದ ಉಸುಕಿನಂಗ ಇತ್ತವ್ವ. ಅಲ್ಲೆ ಒಲಿ ಹೂಡಿದ್ವಿ. ಉಪ್ಪಿಟ್ಟಿಗೆ ನೀರ ಇಟ್ವಿ. ಮ್ಯಾಲ ದಿನ್ನಿ ಮ್ಯಾಲ ಒಬ್ಬಾಕಿ ಹೆಣ್ಮಗಳು ಕೈ ಬೀಸಿ ಒದರಾಕ ಹತ್ತಿದ್ಲು. ಹೊಳಿ ಹೊಲಸ ಮಾಡ್ತಾರಂತ ಬೈತಾಳ ಅಂತ ತಿಳಕೊಂಡ್ವಿ. ಈರ್ಯಾ ಸೌಟ ಎತ್ತಿ, ಬಾರವ್ವಾ ನೀನೂ ತಿನ್ನೀಯಂತ, ಅಂದ.”

ಅಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

“ಆಕಿ ಕಲ್ಲು ಒಗಿಯಾಕ ಹತ್ತಿದ್ಲು, ನಮ್ಮನ್ನ ಅಲ್ಲಿಂದ ಎಬ್ಬಸಾಕ. ಆಗ ಗಾಬರ್ಯಾಗಿ ಎಲ್ಲಾರೂ ದಿನ್ನಿ ಹತ್ತಿದ್ವಿ. ಗಾಳಿ ಬರಲಿಲ್ಲ, ನೊರಿ ಬರಲಿಲ್ಲ. ನಡಕೋತ ಬರತೈತಿ ಅಂತ ನಾ ತಿರುಗಿ ನೋಡ್ತಿದ್ದೆ. ಈರ್ಯಾ, ಕೊಪ್ಪರಗಿ ತರ್ತೀನಿ ತಡಿ ಅಂತ ಇಳದ. ಹೊತ್ತ ಐತಿ ಅಂತ ನಾನೂ ಸುಮ್ಮನಾದೆ. ಅದು ನೀರಲ್ಲವ್ವ. ಗುಡ್ಡನ ಬಂತು. ಕಲ್ಲು, ಗಿಡ, ಮಣ್ಣು, ನಿಂತಗೊಂಡ ಬಂತು.”

ಆಯಿ ಅಳಲಿಲ್ಲ. ಒಂದು ಪ್ರಶ್ನೆ ಕೇಳಿದಳು.

“ನಾ ಇಲ್ಲಿಂದ ‘ಅಲ್ಲೆ ಸಾಕು’ ಅಂದಿದ್ದು ಮೊದಲೋ, ಅಲ್ಲೆ ಹೊಳಿ ಬಂದಿದ್ದು ಮೊದಲೋ?”

ಅಪ್ಪನಿಗೆ ಅರ್ಥವಾಗಲಿಲ್ಲ. ಗುರ್ಜಿಯ ಸಂಗತಿ ಅವನಿಗೆ ಯಾರೂ ಹೇಳಿರಲಿಲ್ಲ. ಅವ್ವ ಅಡಿಗೆಮನೆಯ ಬಾಗಿಲಿನಿಂದ ಹೇಳಿದಳು.

“ಎರಡೂ ಕೂಡೇ ಆಗ್ಯಾವ ಅತ್ತಿ.”

ನಿಜವೋ ಅಲ್ಲವೋ ನನಗೆ ತಿಳಿಯದು. ಲೆಕ್ಕ ಹಾಕಿ ನೋಡಬಹುದಿತ್ತು, ಯಾರೂ ಹಾಕಲಿಲ್ಲ. ಅಪ್ಪ ಮತ್ತೆ ಯಾತ್ರೆಗೆ ಹೋಗಲಿಲ್ಲ, ಮದುವೆಗಳಲ್ಲಿ ಬೇರೆಯವರ ಪಾತ್ರೆಗಳಲ್ಲಿ ಅಡಿಗೆ ಮಾಡಿದ. ಹಳ್ಳದಲ್ಲಿ ಒಲೆ ಹೂಡುವುದನ್ನು ಬಿಟ್ಟ. ಮಳೆ ಶುರುವಾದರೆ ಓಣಿಯವರೆಲ್ಲ ಆಕಾಶ ನೋಡುವಾಗ ಅವನು ಹಿತ್ತಲ ಬಾಗಿಲಲ್ಲಿ ನಿಂತು ಹಳ್ಳದ ಮೇಲ್ಗಡೆ ನೋಡುತ್ತಿದ್ದ. ನನಗೂ ಅದೇ ರೂಢಿಯಾಗಿದೆ. ನಾನು ಕೊಪ್ಪಳದ ಸಾಲೆಗಳಲ್ಲಿ ಪಾಠ ಹೇಳಿ, ನಿವೃತ್ತಿಯಾಗಿ, ಈಗ ಹಳೆಯ ಮನೆಯ ಜಾಗದಲ್ಲೇ ಕಟ್ಟಿದ ಸಿಮೆಂಟಿನ ಮನೆಯಲ್ಲಿದ್ದೇನೆ. ಹೊಳೆ ಯಾಕೆ ಇಳಿದಿತ್ತು ಎಂಬುದನ್ನು ಪುಸ್ತಕ ಓದಿ ತಿಳಿದುಕೊಂಡೆ. ಮೇಲೆ ಗುಡ್ಡ ಜಾರಿ ಹೊಳೆಗೆ ಅಡ್ಡ ಬಿದ್ದರೆ ಕೆಳಗೆ ನೀರು ಕಡಿಮೆಯಾಗುತ್ತದೆ. ಹಿಂದೆ ನೀರು ತುಂಬುತ್ತದೆ, ಒಡ್ಡು ಒಡೆಯುತ್ತದೆ. ಇಳಿದ ಹೊಳೆಯೇ ಅಲ್ಲಿ ಎಚ್ಚರಿಕೆ. ಆ ಹೆಣ್ಣುಮಗಳಿಗೆ ಗೊತ್ತಿತ್ತು. ಹಳ್ಳದ ಮಕ್ಕಳಾದ ನಮಗೆ ಅದರ ತದ್ವಿರುದ್ಧ ಗೊತ್ತಿತ್ತು. ಈಗ ಪ್ರತಿ ಮಳೆಗಾಲ ಫೋನಿನಲ್ಲಿ ಆ ಗುಡ್ಡಗಳು ಕಾಣುತ್ತವೆ. ಮಂಜು ಕರಗಿ ಕೆರೆಗಳು ದೊಡ್ಡದಾಗುತ್ತಿವೆ ಎನ್ನುತ್ತಾರೆ, ಒಂದೇ ಗಳಿಗೆಯಲ್ಲಿ ಒಂದು ತಿಂಗಳ ಮಳೆ ಸುರಿಯಿತು ಎನ್ನುತ್ತಾರೆ. ಹೊಳೆಯ ಉಸುಕಿನ ಮೇಲೆ ಅಂತಸ್ತಿನ ಮೇಲೆ ಅಂತಸ್ತು ವಸತಿಗೃಹಗಳು ನಿಂತಿವೆ, ಅವು ಮಡಚಿಕೊಂಡು ಬೀಳುವುದನ್ನು ನೋಡುತ್ತೇನೆ. ನಮ್ಮ ಹಳ್ಳವೂ ಮೊದಲಿನಂತಿಲ್ಲ. ಹೋದ ವರ್ಷ ತಿಂಗಳುಗಟ್ಟಲೆ ಒಣಗಿದ್ದು, ಒಂದು ಮಧ್ಯಾಹ್ನದ ಮಳೆಗೆ ಹಿತ್ತಲ ಗೋಡೆಯನ್ನು ಕೆಡವಿ ಒಳಗೆ ನುಗ್ಗಿತು. ನಡೆದು ಬರಲಿಲ್ಲ.

ಈ ವರ್ಷ ಮತ್ತೆ ಮಳೆ ಹೋಯಿತು, ಗುರ್ಜಿ ಬಂತು. ಹೊತ್ತವಳು ನಾಗವ್ವನ ಸೊಸೆ ರೇಣುಕಾ. ಅವಳು ಗಂಡನೊಂದಿಗೆ ಯಾತ್ರೆಯ ಬಸ್ಸಿಗೆ ಹೆಸರು ಬರೆಸಿದ್ದಳು, ಹೊರಡುವುದು ಶ್ರಾವಣದಲ್ಲಿ. ಬ್ಯಾಡ ಅಂತ ನಾನು ಎಷ್ಟೋ ಸಲ ಹೇಳಿದ್ದೆ. ತಲೆಯ ಮೇಲೆ ಹಂಚು ಹಿಡಿದುಕೊಂಡೇ ಅವಳು ನಕ್ಕಳು.

“ಫೋನಿನ್ಯಾಗ ಮಳಿ ಸುದ್ದಿ ಮೊದಲ ಬರ್ತೈತ್ರಿ ಟೀಚರ್. ನೀವು ಸುಮ್ಮನ ಹೆದರ್ತೀರಿ.”

“ಒಂದ ಮಾತು ನೆನಪಿಡು. ಹೊಳಿ ಇಳದಿದ್ದು ಕಂಡ್ರ ಉಸುಕಿಗೆ ಇಳೀಬ್ಯಾಡ. ಮ್ಯಾಲ ಓಡು.”

“ಏರಿದ್ರ ಓಡ್ಬೇಕ್ರಿ. ಇಳದ್ರ ಯಾಕ ಓಡಬೇಕು?”

ಅಪ್ಪನ ಮಾತೇ ಅವಳ ಬಾಯಲ್ಲಿತ್ತು. ನಾನು ಅವಳನ್ನು ಗುರ್ಜಿ ಹೊತ್ತ ಹಾಗೇ ಬಿಸಿಲಲ್ಲಿ ನಿಲ್ಲಿಸಿಕೊಂಡು, ಬಿಳಿ ಉಸುಕಿನಿಂದ ಕೊಪ್ಪರಿಗೆಯವರೆಗೆ ಪೂರ್ತಿ ಹೇಳಿದೆ. ಕೇಳುತ್ತ ಕೇಳುತ್ತ ಅವಳ ನಗು ಹೋಯಿತು. ಬಸ್ಸಿಗೆ ಹೋಗುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. ಹಿಂದಿನ ಹೆಂಗಸರು, ನೀರ ಹಾಕ್ರಿ ಟೀಚರ್, ಹಂಚು ಕಾದೈತಿ, ಅಂದರು. ನಾನು ತಂಬಿಗೆ ಎತ್ತಿ ಸುರಿದೆ. ಇಲ್ಲೆ ಬಾರಪ್ಪಾ, ಅಂದೆ. ಬಸ್ಸಿನ ದಾರಿಯ ಕಡೆ ತಿರುಗಿ, ಅಲ್ಲೆ ಸಾಕು, ಅಂದೆ. ಆಯಿ ಅಲ್ಲಿಗೆ ನಿಲ್ಲಿಸಿದ್ದಳು. ನನ್ನ ತಂಬಿಗೆಯಲ್ಲಿ ಇನ್ನೂ ನೀರಿತ್ತು. ಅದನ್ನು ರೇಣುಕಾಳ ಪಾದದ ಹತ್ತಿರ, ನೆಲ ಕೊರೆಯದ ಹಾಗೆ, ಸಣ್ಣಗೆ ಬಿಟ್ಟೆ.

“ಎಲ್ಲೆ ಬಂದ್ರೂ, ನಡಕೋತ ಬಾರಪ್ಪಾ.”